ಹೊಸಿಲಾಚೆಯ ಬಟ್ಟಲು

ದೇಶ ವಿಭಜನೆಯ ದಿನಗಳನ್ನು ಕಂಡು ಬದುಕುಳಿದವರು ಬರೆದ, ಇಲ್ಲವೆ ಹೇಳಿ ಬರೆಸಿದ ನೆನಪುಗಳನ್ನು ಕೆಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಹಿಂದಿಯದನ್ನು ಹಿಂದಿಯಲ್ಲಿ, ಉರ್ದು ಗುಜರಾತಿಗಳದನ್ನು ಇಂಗ್ಲಿಷ್ ಅನುವಾದದಲ್ಲಿ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ನಿಧಾನವಾಗಿ ಓದಿದ್ದು. ಈ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. 'ಅದಕ್ಕೆ ಮೊದಲು ನಾವೆಲ್ಲ ಒಂದೇ ಮನೆಯವರ ಹಾಗೆ ಇದ್ದೆವು' ಎಂಬ ಮಾತು. ಅವರ ಹಬ್ಬಕ್ಕೆ ನಾವು, ನಮ್ಮ ಮದುವೆಗೆ ಅವರು. ಆಮೇಲೆ ಎಲ್ಲಿಂದಲೋ ಯಾರೋ ಬಂದರು, ಗಾಳಿ ಕೆಟ್ಟಿತು, ಊರಿಗೆ ಹುಚ್ಚು ಹಿಡಿಯಿತು.

ಈ ಮಾತು ಸುಳ್ಳೆಂದು ನಾನು ಹೇಳಲಾರೆ. ಹೇಳಿದವರು ಅತ್ತು ಹೇಳಿದ್ದಾರೆ, ಕಳೆದುಕೊಂಡು ಹೇಳಿದ್ದಾರೆ. ಆದರೆ ಅದು ಅರ್ಧ ಮಾತು. ಉಳಿದ ಅರ್ಧ ಅಡುಗೆಮನೆಯಲ್ಲಿದೆ. ಯಾರ ಮನೆಯ ನೀರನ್ನು ಯಾರು ಕುಡಿದರು, ಯಾರ ತಟ್ಟೆ ಎಲ್ಲಿ ಇರುತ್ತಿತ್ತು ಎನ್ನುವುದರಲ್ಲಿದೆ. ಕೋಮುಗಲಭೆಯ ನಡುವೆ ಬದುಕಿದವರ ನೆನಪಿನ ಪುಸ್ತಕಕ್ಕೆ ಬೆಲೆ ಕಟ್ಟುವಾಗ ಈ ಉಳಿದ ಅರ್ಧವನ್ನು ಅದು ಹೇಳುತ್ತದೆಯೇ, ಇಲ್ಲವೇ ಎನ್ನುವುದೇ ನನ್ನ ಅಳತೆಗೋಲು. ಶೈಲಿ, ತಂತ್ರ ಮೊದಲಾದವು ಆಮೇಲಿನ ಮಾತು.

ಮೊದಲು ಘಟನೆಯ ಗಾತ್ರವನ್ನು ನೆನಪಿಸಿಕೊಳ್ಳೋಣ. ಗಡಿ ಎಳೆಯಲು ಬಂದ ರಾಡ್‌ಕ್ಲಿಫ್ ಭಾರತಕ್ಕೆ ಕಾಲಿಟ್ಟದ್ದು 1947ರ ಜುಲೈ ತಿಂಗಳಲ್ಲಿ. ಅವರು ಎಳೆದ ಗೆರೆ ಪ್ರಕಟವಾದದ್ದು ಆಗಸ್ಟ್ 17ರಂದು, ಎರಡೂ ದೇಶಗಳು ಸ್ವಾತಂತ್ರ್ಯದ ಬಾವುಟ ಏರಿಸಿದ ಮೇಲೆ. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟು ಗಡಿ ದಾಟಿದರು. ಸತ್ತವರ ಲೆಕ್ಕ 2 ಲಕ್ಷದಿಂದ 10 ಲಕ್ಷದವರೆಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಪಹರಣಕ್ಕೆ ಸಿಕ್ಕ ಹೆಂಗಸರು ಸುಮಾರು 75,000 ಎಂಬ ಅಂದಾಜಿದೆ. ನಾವು ತರಗತಿಯಲ್ಲಿ ಇದನ್ನೆಲ್ಲ ಒಂದು ಪೀರಿಯಡ್ಡಿನಲ್ಲಿ ಮುಗಿಸುತ್ತೇವೆ. ಮಕ್ಕಳು ಇಸವಿ ಬರೆದುಕೊಳ್ಳುತ್ತಾರೆ.

ಭೀಷ್ಮ ಸಾಹನಿಯವರ 'ತಮಸ್' ಕಾದಂಬರಿಯಲ್ಲಿ ಇಂಥ ಲೆಕ್ಕದವನೊಬ್ಬ ಬರುತ್ತಾನೆ. ಗಲಭೆ ಮುಗಿದ ಮೇಲೆ ಪರಿಹಾರ ಸಮಿತಿಯಲ್ಲಿ ಕುಳಿತು ಎಷ್ಟು ಸತ್ತರು, ಎಷ್ಟು ಸುಟ್ಟಿತು ಎಂದು ಬರೆದುಕೊಳ್ಳುವ ಗುಮಾಸ್ತ. ಜನ ತಮ್ಮ ಕಥೆ ಹೇಳಲು ಬಾಯಿ ತೆರೆದರೆ ಅವನಿಗೆ ಅಂಕಿ ಮಾತ್ರ ಬೇಕು. ಅವನು ಕೆಟ್ಟವನಲ್ಲ, ಅವನ ಕೆಲಸವೇ ಅದು. ಆದರೆ ಅವನ ಪುಸ್ತಕದಲ್ಲಿ ಹಿಡಿಯದೆ ಹೊರಗುಳಿದದ್ದನ್ನು ಹಿಡಿಯುವುದೇ ನೆನಪಿನ ಬರಹದ ಕೆಲಸ.

'ತಮಸ್' ಕಾದಂಬರಿಯೇ ಹೊರತು ಆತ್ಮಕಥೆಯಲ್ಲ. ಆದರೂ ಅದನ್ನು ನೆನಪಿನ ಪುಸ್ತಕಗಳ ಸಾಲಿನಲ್ಲಿ ಇಡಲು ಕಾರಣವಿದೆ. ಸಾಹನಿಯವರು ರಾವಲ್ಪಿಂಡಿಯಲ್ಲಿ ಹುಟ್ಟಿದವರು, 1947ರ ಮಾರ್ಚ್ ತಿಂಗಳ ಗಲಭೆಯನ್ನು ಅಲ್ಲಿಯೇ ಕಂಡವರು, ಕಾಂಗ್ರೆಸ್ಸಿನ ಪರಿಹಾರ ಕಾರ್ಯದಲ್ಲಿ ಹಳ್ಳಿಗಳನ್ನು ಸುತ್ತಿದವರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಬಗ್ಗೆ ಕಾದಂಬರಿ ಬರೆಯಲಿಲ್ಲ. 1970ರಲ್ಲಿ ಮಹಾರಾಷ್ಟ್ರದ ಭಿವಂಡಿಯಲ್ಲಿ ಗಲಭೆಯಾದಾಗ ಅಣ್ಣ ಬಲರಾಜ ಸಾಹನಿಯವರೊಡನೆ ಆ ಊರಿಗೆ ಹೋದರು. ಪಾಳುಬಿದ್ದ ಓಣಿಗಳಲ್ಲಿ ನಡೆಯುವಾಗ ರಾವಲ್ಪಿಂಡಿ ನೆನಪಾಯಿತು. ಒಂದು ಗಲಭೆ ಇನ್ನೊಂದು ಗಲಭೆಯ ನೆನಪನ್ನು ಕೆದಕಿತು. ಪುಸ್ತಕಕ್ಕೆ 1975ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1988ರಲ್ಲಿ ಗೋವಿಂದ ನಿಹಲಾನಿಯವರ ನಿರ್ದೇಶನದಲ್ಲಿ ದೂರದರ್ಶನದಲ್ಲಿ ಧಾರಾವಾಹಿಯಾಗಿ ಬಂದಾಗ ನಾನು ಬಿ.ಎ. ಓದುತ್ತಿದ್ದೆ. ಅದನ್ನು ತಡೆಯಬೇಕೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಸುಪ್ರೀಂ ಕೋರ್ಟು ತಡೆಯಲು ಒಪ್ಪಲಿಲ್ಲ.

'ತಮಸ್' ಎಂದರೆ ಎಲ್ಲರಿಗೂ ನೆನಪಾಗುವುದು ಮೊದಲ ದೃಶ್ಯ. ಹಣದ ಆಸೆ ತೋರಿಸಿ ನತ್ಥುವಿನಿಂದ ಹಂದಿ ಕೊಲ್ಲಿಸುವುದು, ಅದು ಮಸೀದಿಯ ಮೆಟ್ಟಿಲ ಮೇಲೆ ಸಿಕ್ಕುವುದು. ಅಲ್ಲಿಗೇ ನಿಲ್ಲಿಸಿದರೆ ಅದೂ 'ಯಾರೋ ಬಂದು ಕೆಡಿಸಿದರು' ಎಂಬ ಕಥೆಯೇ ಆಗುತ್ತಿತ್ತು. ಸಾಹನಿಯವರು ಅಲ್ಲಿಗೆ ನಿಲ್ಲಲಿಲ್ಲ. ನನ್ನ ಮಟ್ಟಿಗೆ ಪುಸ್ತಕದ ಜೀವ ಬೇರೆ ಎರಡು ಕಡೆ ಇದೆ.

ಒಂದು, ಮಜ್ಜಿಗೆಯ ಪ್ರಸಂಗ. ಅಂಗಡಿ ಮನೆ ಬಿಟ್ಟು ರಾತ್ರಿಯೆಲ್ಲ ನಡೆದ ಮುದುಕ ಹರನಾಮ್ ಸಿಂಗ್ ಮತ್ತು ಅವನ ಹೆಂಡತಿ ಬಂತೋ ಬೆಳಗಿನ ಜಾವ ಯಾವುದೋ ಹಳ್ಳಿಯ ಬಾಗಿಲು ತಟ್ಟುತ್ತಾರೆ. ಅದು ಮುಸಲ್ಮಾನರ ಮನೆ. ಒಡತಿ ರಾಜೋ ಒಳಗೆ ಕರೆದು ಮಜ್ಜಿಗೆ ತಂದು ಕೊಡುತ್ತಾಳೆ. ಹಿಂದೆ ಸಾವು ಅಟ್ಟಿಸಿಕೊಂಡು ಬರುತ್ತಿದೆ, ಹೊಟ್ಟೆ ಖಾಲಿ. ಆದರೂ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ: ಇವರ ಕೈಯದನ್ನು ಕುಡಿಯುವುದು ಹೇಗೆ? ರಾಜೋಗೆ ಅದು ಕೂಡಲೇ ಅರ್ಥವಾಗುತ್ತದೆ. ಅವಳಿಗೆ ಕೋಪ ಬರುವುದಿಲ್ಲ. ನಿಮ್ಮದೇ ಪಾತ್ರೆಯಿದ್ದರೆ ಅದಕ್ಕೇ ಹಾಕುತ್ತೇನೆ ಎನ್ನುತ್ತಾಳೆ. ಕೊನೆಗೆ ಮುದುಕ ಕುಡಿಯುತ್ತಾನೆ. ಇಲ್ಲಿ ಗಮನಿಸಬೇಕಾದದ್ದು ಕುಡಿದದ್ದನ್ನಲ್ಲ, ರಾಜೋಗೆ ಅದು ಎಷ್ಟು ಬೇಗ ಅರ್ಥವಾಯಿತು ಎಂಬುದನ್ನು. ಹುಟ್ಟಿದಾಗಿನಿಂದ ಕಂಡದ್ದಾದ್ದರಿಂದ ಅವಳಿಗೆ ವಿವರಿಸಿ ಹೇಳಬೇಕಾಗಲಿಲ್ಲ. 'ಒಂದೇ ಮನೆಯವರ ಹಾಗೆ ಇದ್ದೆವು' ಎಂಬ ಮಾತಿಗೆ ಇದಕ್ಕಿಂತ ನ್ಯಾಯವಾದ ವ್ಯಾಖ್ಯಾನ ನನಗೆ ಸಿಕ್ಕಿಲ್ಲ. ಪ್ರೀತಿಯೂ ಇತ್ತು, ಬೇರೆ ಪಾತ್ರೆಯೂ ಇತ್ತು.

ಇನ್ನೊಂದು, ಶಹನವಾಜನ ಪ್ರಸಂಗ. ಅವನು ಹಣವಂತ, ಗೆಳೆತನಕ್ಕೆ ಪ್ರಾಣ ಕೊಡುವವನು. ಹಿಂದೂ ಗೆಳೆಯನ ಸಂಸಾರವನ್ನು ಸುರಕ್ಷಿತ ಜಾಗಕ್ಕೆ ಸೇರಿಸುತ್ತಾನೆ. ಗೆಳೆಯನ ಹೆಂಡತಿ ಕೇಳಿದಳೆಂದು, ಬೀಗ ಹಾಕಿದ ಮನೆಗೆ ಹೋಗಿ ಒಡವೆ ಪೆಟ್ಟಿಗೆಯನ್ನೂ ತಂದುಕೊಡುತ್ತಾನೆ. ಆದರೆ ಆ ಮನೆಯ ಮೆಟ್ಟಿಲಿಳಿಯುವಾಗ ಮುಂದೆ ಹೋಗುತ್ತಿದ್ದ ಆಳು ಮಿಲ್ಖಿಯ ಜುಟ್ಟು ಕಣ್ಣಿಗೆ ಬಿದ್ದದ್ದೇ ತಡ, ಒದ್ದು ಕೆಡವುತ್ತಾನೆ. ಒಡವೆ ತಂದ ಕಾಲು, ಒದ್ದ ಕಾಲು ಒಂದೇ. ಸಾಹನಿಯವರು ಅವನನ್ನು ರಾಕ್ಷಸನೆಂದು ಕರೆಯುವುದಿಲ್ಲ, ಗೆಳೆತನ ನಟನೆಯಾಗಿತ್ತೆಂದೂ ಹೇಳುವುದಿಲ್ಲ. ಸಮಾನನಾದ ಗೆಳೆಯ ಉಳಿದ, ಮನೆಯ ಆಳು ಉಳಿಯಲಿಲ್ಲ ಎಂಬುದನ್ನು ನಮ್ಮ ಮುಂದಿಟ್ಟು ಸುಮ್ಮನಾಗುತ್ತಾರೆ. ನೆನಪಿನ ಪುಸ್ತಕಗಳು ಉಳಿಸಿದ ಗೆಳೆಯನನ್ನು ಕುರಿತು ಹಲವು ಪುಟ ಬರೆಯುತ್ತವೆ. ಆಳುಮಕ್ಕಳು ಏನಾದರು ಎಂದು ಕೇಳುವ ಪುಸ್ತಕ ಅಪರೂಪ.

ಇನ್ನು ಊರ್ವಶಿ ಬುಟಾಲಿಯಾ ಅವರ 'ದಿ ಅದರ್ ಸೈಡ್ ಆಫ್ ಸೈಲೆನ್ಸ್'. 1998ರಲ್ಲಿ ಬಂದ ಈ ಪುಸ್ತಕ ಬದುಕುಳಿದವರ ಮಾತುಗಳನ್ನು ಕೂಡಿಸಿ ಕಟ್ಟಿದ್ದು. ಬುಟಾಲಿಯಾ ಅವರ ಮನೆಯವರೂ ಲಾಹೋರಿನಿಂದ ಬಂದವರು. ಆದರೆ ಮನೆಯ ಹಿರಿಯರ ಮಾತಿಗೆ ಅವರು ಕಿವಿಗೊಟ್ಟದ್ದು 1984ರಲ್ಲಿ ದೆಹಲಿಯಲ್ಲಿ ಸಿಖ್ಖರ ಕೊಲೆಗಳಾದ ಮೇಲೆ. ಸಾಹನಿಯವರಿಗೆ ಭಿವಂಡಿ ಹೇಗೋ ಇವರಿಗೆ ದೆಹಲಿ ಹಾಗೆ.

ಈ ಪುಸ್ತಕದಲ್ಲಿ ರಾವಲ್ಪಿಂಡಿ ಜಿಲ್ಲೆಯ ಥೋವಾ ಖಾಲ್ಸಾ ಹಳ್ಳಿಯಿಂದ ಬಂದ ಸಿಖ್ ಗೃಹಸ್ಥರೊಬ್ಬರ ಮಾತು ಇದೆ. ನಾನು ಓದಿದ ನೆನಪುಗಳಲ್ಲಿ ಅಡುಗೆಮನೆಯ ಬಗ್ಗೆ ಇಷ್ಟು ನೇರವಾಗಿ ಹೇಳಿದವರು ಇನ್ನೊಬ್ಬರಿಲ್ಲ. ಮುಸಲ್ಮಾನರ ಮನೆಯಲ್ಲಿ ನಾವು ಉಣ್ಣುತ್ತಿರಲಿಲ್ಲ, ಅವರು ಬಂದರೆ ಅವರಿಗೆ ಬೇರೆ ಪಾತ್ರೆ, ಕೈಯಲ್ಲಿ ಬುತ್ತಿ ಇದ್ದಾಗ ಅವರ ಕೈ ಮುಟ್ಟಿದರೆ ಬುತ್ತಿ ಮೈಲಿಗೆ, ಅದೇ ಇನ್ನೊಂದು ಕೈಯಲ್ಲಿ ನಾಯಿ ಹಿಡಿದಿದ್ದರೆ ಏನೂ ಇಲ್ಲ ಎಂದು ಬಿಡಿಸಿ ಹೇಳುತ್ತಾರೆ. ಪಾಕಿಸ್ತಾನ ಆದದ್ದಕ್ಕೆ ಇದೂ ಕಾರಣವೆಂದು ಅವರಿಗೆ ಅನಿಸಿದೆ. ಎಲ್ಲವನ್ನೂ ಕಳೆದುಕೊಂಡು ಬಂದವರು, ಕಳೆದುಕೊಂಡದ್ದರಲ್ಲಿ ತಮ್ಮ ಪಾಲೆಷ್ಟು ಎಂದು ತೂಗುವುದು ದೊಡ್ಡ ಮಾತು.

ಆದರೆ ಅದೇ ಹಿರಿಯರು, ಅದೇ ಸಾಕ್ಷ್ಯದಲ್ಲಿ, ತಮ್ಮ ತಂದೆ ತಮ್ಮ ಅಕ್ಕನನ್ನು ಕತ್ತಿಯಿಂದ ಕೊಂದದ್ದನ್ನೂ ಹೇಳುತ್ತಾರೆ. 1947ರ ಮಾರ್ಚ್‌ನಲ್ಲಿ ಆ ಹಳ್ಳಿಯನ್ನು ಗುಂಪು ಮುತ್ತಿದಾಗ ಮಾನ ಉಳಿಸಲೆಂದು ಮನೆಯವರೇ ಮಗಳಂದಿರನ್ನು ಕೊಂದರು. ಸುಮಾರು 90 ಮಂದಿ ಹೆಂಗಸರು ಬಾವಿಗೆ ಹಾರಿದರು. ಪಾತ್ರೆಯ ವಿಷಯದಲ್ಲಿ ಅಷ್ಟು ತೂಗಿ ಮಾತಾಡಿದವರು ಇಲ್ಲಿ ತೂಗುವುದಿಲ್ಲ. ಇಲ್ಲಿ ಅದು ಬಲಿದಾನ, ಕುಲದ ಹೆಮ್ಮೆ. ಅದೇ ಬಾವಿಗೆ ಹಾರಿ, ಅದಾಗಲೇ ತುಂಬಿಹೋಗಿದ್ದರಿಂದ ಮುಳುಗದೆ ಉಳಿದ ಹೆಂಗಸೊಬ್ಬರ ಮಾತೂ ಪುಸ್ತಕದಲ್ಲಿದೆ. ಎರಡನ್ನೂ ಒಟ್ಟಿಗೆ ಓದಬೇಕು. ಗಂಡಸಿನ ನೆನಪಿನಲ್ಲಿ ಅದು ವೀರಗಾಥೆ. ಆ ತಾಯಿಯ ನೆನಪಿನಲ್ಲಿ ಅದು ಬಾವಿ, ಹೆಣ, ಮತ್ತೆ ಮೇಲೆ ಬಂದದ್ದು. ಬುಟಾಲಿಯಾ ಅವರ ದೊಡ್ಡಗುಣವೆಂದರೆ ಇಬ್ಬರನ್ನೂ ಗೌರವದಿಂದ ಕೇಳಿಸಿಕೊಂಡು, ಹಾರಿದವರಲ್ಲಿ ತಾವಾಗಿ ಹಾರಿದವರೆಷ್ಟು ಎಂಬ ಪ್ರಶ್ನೆಯನ್ನೂ ಬಿಡದೆ ಎತ್ತುವುದು. ಒಬ್ಬನೇ ಮನುಷ್ಯನ ನೆನಪು ಒಂದು ಕಡೆ ಬಾಗಿಲು ತೆರೆದು ಇನ್ನೊಂದು ಕಡೆ ಮುಚ್ಚಬಹುದು ಎಂಬ ಪಾಠ ನನಗೆ ಇಲ್ಲಿ ಸಿಕ್ಕಿತು.

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು. ತಟ್ಟೆ ಬೇರೆ ಇಟ್ಟದ್ದಕ್ಕೆ ಕೊಲೆಗಳಾದವೇ? ಹಾಗಾದರೆ ಸತ್ತವರ ಮೇಲೆಯೇ ತಪ್ಪು ಹೊರಿಸಿದಂತಾಗಲಿಲ್ಲವೇ? ನ್ಯಾಯವಾದ ಆಕ್ಷೇಪ. ಬೇರೆ ತಟ್ಟೆ ದೇಶದ ಲಕ್ಷಾಂತರ ಹಳ್ಳಿಗಳಲ್ಲಿ ಇತ್ತು, ಕೊಲೆ ಎಲ್ಲ ಕಡೆಯೂ ಆಗಲಿಲ್ಲ. 1947ರ ಮಾರ್ಚ್ ಆರಂಭದಲ್ಲಿ ಪಂಜಾಬಿನಲ್ಲಿ ಖಿಜರ್ ಹಯಾತ್ ಖಾನರ ಸರ್ಕಾರ ಬಿತ್ತು, ಅಧಿಕಾರಕ್ಕೆ ಬೀದಿಯಲ್ಲಿ ಹೋರಾಟ ಶುರುವಾಯಿತು, ಮೂರೂ ಮತದವರ ಪಡೆಗಳು ಆಯುಧ ಕೂಡಿಸಿದವು, ಆಳುವವರು ಗಂಟು ಕಟ್ಟುವ ಅವಸರದಲ್ಲಿದ್ದರು. ಕೊಲೆಗೆ ಕಾರಣ ಅಲ್ಲಿದೆ, ಕೊಂದವರ ತಪ್ಪು ಕೊಂದವರದೇ. ಬೇರೆ ತಟ್ಟೆ ಮಾಡಿದ್ದು ಬೇರೆ ಕೆಲಸ. ಪಕ್ಕದ ಮನೆಯವರ ಒಳಮನೆ ಹೇಗಿದೆ ಎಂದು ಒಮ್ಮೆಯೂ ನೋಡದೆ ತಲೆಮಾರುಗಳನ್ನು ಕಳೆಯಲು ಅದು ಅನುವು ಮಾಡಿಕೊಟ್ಟಿತು. ಅವರು ಏನು ತಿನ್ನುತ್ತಾರೆ, ಯಾವುದಕ್ಕೆ ಅಳುತ್ತಾರೆ ಎಂದು ಗೊತ್ತಿರದಿದ್ದಾಗ ಅವರ ಬಗ್ಗೆ ಯಾರು ಏನು ಹೇಳಿದರೂ ನಂಬಬಹುದು. ಗಾಳಿಮಾತು ಹೊರಗಿನಿಂದ ಬಂದಿರಬಹುದು, ಅದು ಬಂದು ಕೂರಲು ಜಾಗ ಮನೆಯೊಳಗೇ ಇತ್ತು.

ಅನೀಸ್ ಕಿದ್ವಾಯಿ ಅವರ ಪುಸ್ತಕ ಇವೆಲ್ಲಕ್ಕಿಂತ ನನಗೆ ಹತ್ತಿರದ್ದು. 'ಆಜಾದೀ ಕೀ ಛಾಂವ್ ಮೇ' ಎಂದು ಉರ್ದುವಿನಲ್ಲಿ ಬರೆದದ್ದು 1974ರಲ್ಲಿ ಪ್ರಕಟವಾಯಿತು. ಮೊಮ್ಮಗಳು ಆಯೇಷಾ ಕಿದ್ವಾಯಿ ಮಾಡಿದ ಇಂಗ್ಲಿಷ್ ಅನುವಾದ 2011ರಲ್ಲಿ ಬಂತು. ಅನೀಸರ ಪತಿ ಶಫಿ ಅಹಮದ್ ಕಿದ್ವಾಯಿ ಮಸ್ಸೂರಿಯ ನಗರಸಭೆಯ ಆಡಳಿತಾಧಿಕಾರಿಯಾಗಿದ್ದರು. 1947ರ ಅಕ್ಟೋಬರಿನಲ್ಲಿ ಅವರ ಕೊಲೆಯಾಯಿತು. ಅನೀಸರು ದೆಹಲಿಗೆ ಬಂದು ಗಾಂಧೀಜಿಯವರನ್ನು ಕಂಡರು. ಅವರು ನಿರಾಶ್ರಿತರ ಶಿಬಿರಗಳಿಗೆ ಹೋಗಿ ಕೆಲಸ ಮಾಡೆಂದರು. ಹೋದರು. ಹುಮಾಯೂನನ ಗೋರಿ, ಹಳೆಯ ಕೋಟೆ, ಅಲ್ಲಿ ತುಂಬಿದ್ದ ಸಾವಿರಾರು ಮುಸಲ್ಮಾನ ನಿರಾಶ್ರಿತರು, ಅವರ ಬಟ್ಟೆ, ಔಷಧಿ, ಹೆರಿಗೆ, ಹೆಣ.

ಗಂಡನನ್ನು ಕಳೆದುಕೊಂಡ ಹೆಂಗಸಿನ ಪುಸ್ತಕ ಎಂದು ಕೈಗೆತ್ತಿಕೊಂಡವರು ಅಚ್ಚರಿಪಡುತ್ತಾರೆ. ತನ್ನ ದುಃಖವನ್ನು ಅವರು ಪುಸ್ತಕದ ನಡುಮನೆಯಲ್ಲಿ ಕೂರಿಸಿಲ್ಲ. ದುಃಖವಿದೆ, ಆದರೆ ಅದು ಬೇರೆಯವರ ದುಃಖವನ್ನು ನೋಡುವ ಕಣ್ಣಾಗಿದೆ. ತಮ್ಮ ಸಮುದಾಯದ ಮುಂದಾಳುಗಳನ್ನೂ ಸರ್ಕಾರದವರನ್ನೂ ಅವರು ಬಿಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಪಹರಣಕ್ಕೆ ಸಿಕ್ಕ ಹುಡುಗಿಯರನ್ನು ಮರಳಿ ತರುವ ಕೆಲಸದಲ್ಲಿ ತಾವು ಸೇರಿಕೊಂಡಿದ್ದಾಗಲೂ, ಬರಲು ಒಲ್ಲದ ಹುಡುಗಿಯರ ಮನಸ್ಸನ್ನು ಅರ್ಥ ಮಾಡಿಕೊಂಡು ಬರೆದಿದ್ದಾರೆ.

ಈ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. 1947ರ ಡಿಸೆಂಬರಿನಲ್ಲಿ ಎರಡು ದೇಶಗಳೂ ಒಪ್ಪಂದ ಮಾಡಿಕೊಂಡವು. 1949ರಲ್ಲಿ ಭಾರತದಲ್ಲಿ ಕಾನೂನೇ ಬಂತು. ಕೆಲವು ವರ್ಷಗಳಲ್ಲಿ ಎರಡೂ ಕಡೆ ಸೇರಿ ಸುಮಾರು 30,000 ಹೆಂಗಸರನ್ನು ಹುಡುಕಿ ಗಡಿ ದಾಟಿಸಿದರು. ಬಹಳ ಮಂದಿಗೆ ಅದು ಬಿಡುಗಡೆಯೇ ಆಗಿತ್ತು. ಆದರೆ ಆ ಕಾನೂನಿನಲ್ಲಿ ಹೆಂಗಸಿನ ಒಪ್ಪಿಗೆಗೆ ಬೆಲೆಯಿರಲಿಲ್ಲ. ಅವಳ ಧರ್ಮ ನೋಡಿ ಅವಳ ದೇಶ ಯಾವುದೆಂದು ಬೇರೆಯವರು ತೀರ್ಮಾನಿಸಿದರು. ಆಗ ಕಾಪಾಡಲಾರದವರು ಈಗ ಯಾವ ಹಕ್ಕಿನಿಂದ ಎಳೆದೊಯ್ಯುತ್ತೀರಿ ಎಂದು ಕೇಳಿದ ಹೆಂಗಸರಿದ್ದರು. ಮೃದುಲಾ ಸಾರಾಭಾಯಿಯವರೊಡನೆ ಲಾಹೋರಿನಲ್ಲಿದ್ದು ಈ ಕೆಲಸ ಮಾಡಿದ ಕಮಲಾಬೆನ್ ಪಟೇಲ್ ತಮ್ಮ ಅನುಭವವನ್ನು ಗುಜರಾತಿಯಲ್ಲಿ ಬರೆದದ್ದು ಎಷ್ಟೋ ವರ್ಷಗಳ ನಂತರ. ಅದರ ಇಂಗ್ಲಿಷ್ ರೂಪ ಬಂದದ್ದು 2006ರಲ್ಲಿ. ಹೆತ್ತ ಕೂಸನ್ನು ಬಿಟ್ಟು ಗಡಿ ದಾಟಬೇಕಾದ ತಾಯಂದಿರನ್ನು ಕಣ್ಣಾರೆ ಕಂಡವರು ಅವರು. ಕಾನೂನು ಜಾರಿ ಮಾಡಿದ ಕೈಯೇ ಕಾನೂನಿನ ಕಠಿಣತೆಯನ್ನು ಬರೆದಿಟ್ಟಿತು.

ಮರಳಿ ಬಂದವರು ಮಾತ್ರ ತಾವೇ ಬರೆದದ್ದು ತೀರಾ ಕಡಿಮೆ. ಏಕೆಂಬುದಕ್ಕೆ ರಾಜೇಂದ್ರಸಿಂಗ್ ಬೇಡಿಯವರ 'ಲಾಜವಂತಿ' ಕಥೆಯಲ್ಲಿ ಉತ್ತರವಿದೆ. ಮರಳಿ ಬಂದ ಹೆಂಡತಿಯನ್ನು ಗಂಡ ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ದೇವಿಯೆಂದು ಕರೆದು ಪೀಠದಲ್ಲಿ ಕೂರಿಸುತ್ತಾನೆ. ಅವಳು ಹೇಳಬೇಕೆಂದದ್ದನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲ, ಹಳೆಯದೆಲ್ಲ ಮರೆತುಬಿಡೋಣ ಎನ್ನುತ್ತಾನೆ. ಅವಳಿಗೆ ಮನೆ ಸಿಕ್ಕಿತು, ಮಾತಿಗೆ ಜಾಗ ಸಿಗಲಿಲ್ಲ. ನೆನಪು ಬರಹವಾಗಬೇಕಾದರೆ ಬರೆಯುವವರಷ್ಟೇ ಸಾಲದು, ಕೇಳುವವರೂ ಬೇಕು.

ಇದೆಲ್ಲ ದೂರದ ಪಂಜಾಬಿನ ಮಾತು, ನಮಗೇನು ಎನ್ನುವವರಿದ್ದಾರೆ. 1992ರ ಡಿಸೆಂಬರಿನಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಕರ್ಫ್ಯೂ ಇತ್ತು, ನಮ್ಮ ಊರಿನಲ್ಲೂ ಇತ್ತು. ನಮ್ಮ ಹಿತ್ತಿಲಿಗೆ ಅಂಟಿಕೊಂಡು ಒಂದು ಮುಸಲ್ಮಾನರ ಮನೆ. ಆ ಮನೆಯಾಕೆ ನನ್ನ ತಾಯಿಯನ್ನು ಅಕ್ಕಾ ಎನ್ನುತ್ತಿದ್ದರು, ನಾವು ಮಕ್ಕಳು ಅವರನ್ನು ಖಾಲಾ ಎನ್ನುತ್ತಿದ್ದೆವು. ಕರ್ಫ್ಯೂ ದಿನಗಳಲ್ಲಿ ಹಾಲು, ಸೊಪ್ಪು, ಸೀಮೆಎಣ್ಣೆ ಎಲ್ಲ ಆ ಗೋಡೆಯ ಮೇಲಿಂದಲೇ ಅತ್ತಿತ್ತ ಆದವು. ಬೀದಿಯಲ್ಲಿ ಗುಂಪು ಬಂದ ಸಂಜೆ ಅವರ ಇಬ್ಬರು ಹೆಣ್ಣುಮಕ್ಕಳು ನಮ್ಮ ಮನೆಯ ಒಳಕೋಣೆಯಲ್ಲಿದ್ದರು. ಇಂದಿಗೂ ಯಾರಾದರೂ ಆ ದಿನಗಳ ಮಾತೆತ್ತಿದರೆ, 'ನಾವು ಒಂದೇ ಮನೆಯವರ ಹಾಗೆ ಇದ್ದೆವಮ್ಮ' ಎನ್ನುತ್ತಾರೆ ನನ್ನ ತಾಯಿ. ನಿಜ. ಆದರೆ ಖಾಲಾ ಬಂದಾಗ ಚಹಾ ಕೊಡಲೆಂದು ಒಂದು ಪಿಂಗಾಣಿ ಕಪ್ಪು ಬಸಿ ಜಗಲಿಯ ಕಿಟಕಿಯ ದಂಡೆಯ ಮೇಲೆ ಬೋರಲು ಹಾಕಿಟ್ಟಿರುತ್ತಿತ್ತು. ಚಹಾ ಕುಡಿದ ಮೇಲೆ ಖಾಲಾ ತಾವೇ ಅದನ್ನು ತೊಳೆದಿಟ್ಟು ಹೋಗುತ್ತಿದ್ದರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. 'ತಮಸ್'ನ ರಾಜೋಳ ಹಾಗೆ ಅವರಿಗೂ ಅದು ಗೊತ್ತಿತ್ತು. ಒಳಕೋಣೆಯೂ ನಿಜ, ಕಿಟಕಿಯ ದಂಡೆಯೂ ನಿಜ. ಮೊದಲನೆಯದನ್ನು ಬರೆದರೆ ನಮಗೆ ಹೆಮ್ಮೆ, ಎರಡನೆಯದನ್ನು ಬರೆದರೆ ಮುಜುಗರ. ಎರಡೂ ಇರುವ ಬರಹವನ್ನೇ ನಾನು ಪೂರ್ತಿ ನಂಬುತ್ತೇನೆ.

ನಮ್ಮಲ್ಲಿಯೂ ಇಂಥ ದಿನಗಳ ನೆನಪು ಬರೆಯುವವರು ಈಗೀಗ ಕಾಣಿಸುತ್ತಿದ್ದಾರೆ. ನಮ್ಮ ಊರು ಎಂಥ ಸೌಹಾರ್ದದ ಊರಾಗಿತ್ತು ಎಂದು ಆರಂಭವಾಗಿ, ಎಲ್ಲ ಕೆಟ್ಟುಹೋಯಿತು ಎಂದು ಮುಗಿಯುವ ಲೇಖನಗಳೇ ಹೆಚ್ಚು. ಅವುಗಳ ಉದ್ದೇಶ ಒಳ್ಳೆಯದೇ. ಆದರೆ ಅವು ಕೆಡುಕನ್ನೆಲ್ಲ ಹೊರಗಿನವರ ತಲೆಗೆ ಕಟ್ಟಿ ಓದುಗನನ್ನು ನೆಮ್ಮದಿಯಾಗಿ ಮನೆಗೆ ಕಳಿಸುತ್ತವೆ. ಓದಿದ ಮೇಲೆ ಅವನು ತನ್ನ ಮನೆಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. ಸಾಹನಿಯವರನ್ನು, ಅನೀಸರನ್ನು ಓದಿದವರಿಗೆ ಆ ನೆಮ್ಮದಿ ಇಲ್ಲ.

ಆದ್ದರಿಂದ ಬರೆಯುವವರಿಗೂ ಓದುವವರಿಗೂ ನನ್ನದು ಮೂರೇ ಪ್ರಶ್ನೆ. ನಿಮ್ಮ ಮನೆಯಲ್ಲಿ ಅವರು ಎಲ್ಲಿ ಕೂತು, ಯಾವುದರಲ್ಲಿ ಉಂಡರು? ನಿಮ್ಮ ಗೆಳೆಯ ಉಳಿದಾಗ ಅವನ ಮನೆಯ ಆಳು ಏನಾದ? ಹೆಂಗಸರ ಬಗ್ಗೆ ಗಂಡಸರು ಹೇಳಿದ್ದಲ್ಲದೆ ಹೆಂಗಸರೇ ಏನು ಹೇಳಿದರು? ತರಗತಿಯಲ್ಲಿ ವಿಭಜನೆಯ ಪಾಠ ಮುಗಿದ ಮೇಲೆ ಮಕ್ಕಳಿಗೆ ಮೊದಲನೆಯ ಪ್ರಶ್ನೆಯನ್ನು ಕೊಟ್ಟು, ಮನೆಯಲ್ಲಿ ಅಜ್ಜಿಯನ್ನು ಕೇಳಿ ಬನ್ನಿ ಎನ್ನುತ್ತೇನೆ. ಉತ್ತರ ಹಿಂದೂ ಮುಸಲ್ಮಾನರಲ್ಲಿಗೇ ನಿಲ್ಲುವುದಿಲ್ಲ. ಊರಿನ ಕೇರಿ ಕೇರಿಯ ನಡುವಿನ ಬಟ್ಟಲುಗಳೂ ಹೊರಗೆ ಬರುತ್ತವೆ. ಕೆಲವು ಮಕ್ಕಳು ಬರೆದುಕೊಂಡು ಬರುತ್ತಾರೆ, ಕೆಲವರು ಬರುವುದಿಲ್ಲ. ಒಬ್ಬ ಹುಡುಗಿ ಖಾಲಿ ಹಾಳೆ ಕೊಟ್ಟು, 'ಕೇಳಿದೆ ಟೀಚರ್, ಅಜ್ಜಿ ಸುಮ್ಮನೆ ಕೂತರು' ಎಂದಳು. ಅದಕ್ಕೂ ನಾನು ಅಂಕ ಕೊಟ್ಟೆ.